ಕ್ರಿಮಿಯೋ, ಒಕ್ಕಲೋ?

ಕನ್ನಡದಲ್ಲಿ ಕರುಳೆಂಬ ಮಾತಿಗೆ ಸಂದ ಗೌರವವು ಕ್ರಿಮಿಯೆಂಬ ಮಾತಿಗೆ ಸಂದಿಲ್ಲ. ಮಕ್ಕಳು ಕರುಳಿನ ಕುಡಿಗಳು. ತಾಯಿಯದು ಹೆತ್ತ ಕರುಳು. ಪರರ ನೋವನ್ನು ಕಂಡು ಮರುಗುವವನಿಗೆ ಕರುಳುಂಟೆಂದೂ, ಮರುಗದವನಿಗೆ ಅದಿಲ್ಲವೆಂದೂ ಹೇಳುವುದು ರೂಢಿ. ಕ್ರಿಮಿಯಾದರೋ ನರಕವರ್ಣನೆಗೂ ಬೈಗುಳಕ್ಕೂ ಮೀಸಲಾದ ಮಾತು. ಹೀಗಿರಲು ಈ ಎರಡು ಮಾತುಗಳನ್ನು ಒಂದೇ ವಾಕ್ಯದಲ್ಲಿ ಕೂಡಿಸಬೇಕಾಗಿ ಬಂದಾಗ ಬರೆಯುವವನು ತೊಡಕಿಗೆ ಸಿಕ್ಕುವುದು ಸಹಜ. ಮನುಷ್ಯನ ಕರುಳಿನಲ್ಲಿ ಎಣಿಕೆಗೆ ಸಿಕ್ಕದಷ್ಟು ಬ್ಯಾಕ್ಟೀರಿಯಾಗಳು ನೆಲೆಸಿವೆ, ಅವುಗಳಿಲ್ಲದೆ ಅವನ ಆರೋಗ್ಯವು ನೆಟ್ಟಗೆ ನಡೆಯದು ಎಂಬ ಸಂಗತಿಯು ಈಗ ಶಾಲೆಯ ಮಕ್ಕಳಿಗೂ ತಿಳಿಯಬೇಕಾದದ್ದು. ಆದರೆ ಅದನ್ನು ಹೇಳಲು ಹೊರಟ ಕನ್ನಡ ಬರಹಗಳಲ್ಲಿ ಹೆಚ್ಚಿನವು ಒಂದೇ ಉಪಾಯವನ್ನು ಹಿಡಿದಿವೆ. ಕರುಳು ರಣರಂಗ, ಅದರಲ್ಲಿ ಒಳ್ಳೆಯ ಕ್ರಿಮಿಗಳದೊಂದು ಸೇನೆ, ಕೆಟ್ಟ ಕ್ರಿಮಿಗಳದೊಂದು ಸೇನೆ, ಮೊಸರೋ ಮಾತ್ರೆಯೋ ಒಳ್ಳೆಯವರಿಗೆ ಒದಗುವ ಕುಮ್ಮಕ್ಕು. ಪತ್ರಿಕೆಗಳ ಆರೋಗ್ಯದ ಅಂಕಣಗಳಲ್ಲಿ ಈ ರೂಪಕವು ಎಷ್ಟು ಸಲ ಮರುಕಳಿಸಿದೆಯೆಂದರೆ, ಅದು ರೂಪಕವೆಂಬುದೇ ಮರೆತುಹೋಗಿ ಶಾಸ್ತ್ರವೆಂಬ ಭ್ರಮೆಯನ್ನು ಹುಟ್ಟಿಸಿದೆ.

ವಿಜ್ಞಾನದ ಬರಹಕ್ಕೆ ಸಾಹಿತ್ಯವಿಮರ್ಶೆಯ ಗೊಡವೆ ಏತಕ್ಕೆಂದು ಕೇಳುವವರು ಇರಬಹುದು. ಕಲಬುರಗಿಯ ಜನಕ್ಕಂತೂ ಆ ಪ್ರಶ್ನೆ ಒಪ್ಪದು. ಕನ್ನಡದಲ್ಲಿ ಮಾತಿನ ಗುಣದೋಷಗಳನ್ನು ತೂಗಿದ ಗ್ರಂಥಗಳಲ್ಲಿ ದೊರೆತಿರುವವುಗಳೊಳಗೆ ಮೊದಲನೆಯದಾದ ಕವಿರಾಜಮಾರ್ಗವು ಒಂಬತ್ತನೆಯ ಶತಮಾನದಲ್ಲಿ ಮಾನ್ಯಖೇಟದ ಆಸ್ಥಾನದಲ್ಲಿ, ಎಂದರೆ ಈ ಜಿಲ್ಲೆಯ ಮಳಖೇಡದಲ್ಲಿಯೇ, ಹುಟ್ಟಿತು. ಕಾವ್ಯದಲ್ಲಿ ತಪ್ಪಿದ ಅಲಂಕಾರವು ರಸವನ್ನು ಕೆಡಿಸುವುದಾದರೆ, ವೈದ್ಯಕದ ಬರಹದಲ್ಲಿ ತಪ್ಪಿದ ಅಲಂಕಾರವು ಓದುಗನ ಮನೆಯ ಮಗುವಿನ ಹೊಟ್ಟೆಯನ್ನು ಕೆಡಿಸಬಲ್ಲದು. ಎರಡನೆಯದನ್ನು ವಿಮರ್ಶಿಸದೆ ಬಿಡುವುದಕ್ಕೆ ಕಾರಣವೇ ಕಾಣದು.

ಈ ರಣರಂಗದ ರೂಪಕವು ಕನ್ನಡಿಗರ ಸೃಷ್ಟಿಯಲ್ಲ. ಅದರ ಮೂಲವನ್ನು ಹುಡುಕಿಕೊಂಡು ಹೋದರೆ ದೊರೆಯುವವನು ಆಗಿನ ರಷ್ಯ ಸಾಮ್ರಾಜ್ಯದಲ್ಲಿ ಹುಟ್ಟಿ ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಯಲ್ಲಿ ಬಾಳಿದ ಇಲ್ಯಾ ಮೆಚ್ನಿಕಾಫ್. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ಈತನು ನಕ್ಷತ್ರಮೀನಿನ ಪಾರದರ್ಶಕವಾದ ಮರಿಯೊಳಕ್ಕೆ ಮುಳ್ಳೊಂದನ್ನು ಚುಚ್ಚಿ ನೋಡಿದನು. ಸಂಚಾರಿಯಾದ ಕಣಗಳು ಆ ಮುಳ್ಳನ್ನು ಮುತ್ತಿಕೊಂಡುದನ್ನು ಕಂಡನು. ರಕ್ತದಲ್ಲಿಯೂ ಇಂತಹ ಕಣಗಳು ರೋಗಾಣುಗಳನ್ನು ನುಂಗಿ ಶರೀರವನ್ನು ಕಾಯುವುವೆಂಬ ಅವನ ಸಿದ್ಧಾಂತಕ್ಕೆ 1908ರಲ್ಲಿ ಪಾಲ್ ಎರ್ಲಿಖನೊಡನೆ ನೊಬೆಲ್ ಪಾರಿತೋಷಕವು ದೊರೆಯಿತು. ಶರೀರದೊಳಗೆ ಕಾವಲುಗಾರರೂ ಕಾಳಗವೂ ಇವೆಯೆಂಬ ಮಾತಿಗೆ ಅಲ್ಲಿ ಆಧಾರವಿತ್ತು. ಆದರೆ ಒಂದೆಡೆ ಗೆದ್ದ ರೂಪಕವನ್ನು ಬೇರೊಂದೆಡೆಗೂ ಒಯ್ಯುವ ಆಸೆ ಎಂತಹ ಬುದ್ಧಿವಂತನನ್ನೂ ಬಿಡದು. ರಕ್ತದಲ್ಲಿ ಕಂಡ ಕಾಳಗವನ್ನು ಮೆಚ್ನಿಕಾಫನು ಕರುಳಿನಲ್ಲಿಯೂ ಕಂಡನು.

1907ರಲ್ಲಿ ಹೊರಬಂದು, ಮನುಷ್ಯನ ಆಯುಸ್ಸನ್ನು ಹೆಚ್ಚಿಸುವ ಬಗೆಯನ್ನು ವಿಚಾರಿಸುವ ಅವನ ಪುಸ್ತಕವು ಇಂದಿಗೂ ಓದತಕ್ಕದ್ದು. ವಿಜ್ಞಾನಿಗಳ ಪುಸ್ತಕಗಳಲ್ಲಿ ಇಷ್ಟು ಸರಸವಾದುದು ಅಪರೂಪ. ಮುಪ್ಪೆಂಬುದು ವಿಧಿಯಲ್ಲ, ಒಂದು ಬಗೆಯ ರೋಗ ಎಂಬುದು ಅದರ ಪ್ರತಿಜ್ಞೆ. ದೊಡ್ಡ ಕರುಳಿನಲ್ಲಿ ಆಹಾರದ ಶೇಷವು ಬ್ಯಾಕ್ಟೀರಿಯಾಗಳಿಂದ ಕೊಳೆತು ವಿಷವಾಗುತ್ತದೆ, ಆ ವಿಷವೇ ಮುಪ್ಪನ್ನು ತರುತ್ತದೆ ಎಂಬುದು ವಾದ. ಇದಕ್ಕೆ ಅವನು ತರುವ ಸಾಕ್ಷಿಗಳು ಸೊಗಸಾಗಿವೆ: ದೊಡ್ಡ ಕರುಳು ಬೆಳೆಯದ ಹಕ್ಕಿಗಳು ಸ್ತನಿಗಳಿಗಿಂತ ಹೆಚ್ಚು ಕಾಲ ಬದುಕುವುವು, ಗಿಳಿಯ ಆಯುಸ್ಸು ಪ್ರಸಿದ್ಧ, ಕರುಳು ದೊಡ್ಡದಾದ ಉಷ್ಟ್ರಪಕ್ಷಿಯು ತನ್ನ ಗಾತ್ರಕ್ಕೆ ತಕ್ಕಷ್ಟು ಬಾಳದು. ಹಾಗಾದರೆ ಸ್ತನಿಗಳಿಗೆ ಇಷ್ಟು ದೊಡ್ಡ ಕರುಳು ಬಂದುದೇಕೆ? ಶತ್ರು ಅಟ್ಟಿಸಿಕೊಂಡು ಬರುವಾಗ ಮಲವಿಸರ್ಜನೆಗಾಗಿ ನಿಲ್ಲದೆ ಓಡುವುದಕ್ಕೋಸ್ಕರ! ಈ ಭಾಗವನ್ನು ಓದುವಾಗ ಮಂದಹಾಸವು ಮೂಡದಿರದು. ಆದರೆ ವಕೀಲನೊಬ್ಬನು ನ್ಯಾಯಾಸನದ ಮೇಲೆ ಕುಳಿತಂತೆ ಭಾಸವಾಗುವುದೂ ನಿಜ. ಬಲ್ಗೇರಿಯದ ರೈತರಲ್ಲಿ ಶತಾಯುಷಿಗಳು ಹೇರಳ, ಅವರು ಹುಳಿಹಾಲು ಕುಡಿಯುವರು. ಆದುದರಿಂದ ಹುಳಿಹಾಲಿನ ಬ್ಯಾಕ್ಟೀರಿಯಾವು ಕೊಳೆಸುವ ಬ್ಯಾಕ್ಟೀರಿಯಾವನ್ನು ಗೆದ್ದು ಆಯುಸ್ಸನ್ನು ಕೊಡುವುದು, ಎಂದು ಅವನ ತೀರ್ಮಾನ. ಎರಡು ಸಂಗತಿಗಳು ಜೊತೆಯಾಗಿ ಕಂಡುಬಂದವೆಂದ ಮಾತ್ರಕ್ಕೆ ಒಂದು ಇನ್ನೊಂದರ ಕಾರಣವಾಗದೆಂಬುದನ್ನು ಅವನು ಇತರರ ವಿಷಯದಲ್ಲಿ ಬಲ್ಲನು. ತನ್ನ ವಿಷಯದಲ್ಲಿ ಮರೆಯುವನು.

ಪುಸ್ತಕದ ಕೊನೆಯ ಕಡೆ ಗೊಯಥೆಯ ಮೇಲೆಯೂ ಫೌಸ್ಟ್ ನಾಟಕದ ಮೇಲೆಯೂ ಬರೆದಿರುವ ಭಾಗವು ಸಾಹಿತ್ಯದ ಓದುಗರಿಗೆ ಆಶ್ಚರ್ಯವನ್ನುಂಟುಮಾಡುವುದು. ಯೌವನದ ನಿರಾಶೆಯಿಂದ ವಾರ್ಧಕ್ಯದ ಆಶಾವಾದಕ್ಕೆ ಕವಿಯು ಸಾಗಿದ ಹಾದಿಯೇ ನಾಟಕದ ಎರಡು ಭಾಗಗಳಲ್ಲಿ ಒಡಮೂಡಿದೆಯೆಂದು ಅವನು ವಾದಿಸುವನು. ವಿಚಿತ್ರವೇನೆಂದರೆ, ಕಾವ್ಯವನ್ನು ಓದುವಾಗ ಮೆಚ್ನಿಕಾಫನು ತೋರುವ ತಾಳ್ಮೆಯು ಕರುಳನ್ನು ಓದುವಾಗ ಇಲ್ಲ. ಫೌಸ್ಟನಲ್ಲಿ ಒಳಿತು ಕೆಡುಕುಗಳು ಹೆಣೆದುಕೊಂಡಿರುವುದನ್ನು ಕಾಣಬಲ್ಲ ಕಣ್ಣು ಕರುಳಿನಲ್ಲಿ ಬರಿಯ ವೈರಿಯನ್ನೇ ಕಂಡಿತು.

ಈ ಓದಿನ ಫಲವು ಪುಸ್ತಕದಲ್ಲಿಯೇ ಉಳಿಯಲಿಲ್ಲ. ಯುರೋಪಿನ ಅಂಗಡಿಗಳಲ್ಲಿ ಹುಳಿಹಾಲಿನ ಬ್ಯಾಕ್ಟೀರಿಯಾದ ಮಾತ್ರೆಗಳು ಮಾರಾಟಕ್ಕೆ ಬಂದವು. ಲಂಡನ್ನಿನ ಶಸ್ತ್ರವೈದ್ಯ ಅರ್ಬುತ್ನಾಟ್ ಲೇನನು ಮಲಬದ್ಧತೆಯವರ ದೊಡ್ಡ ಕರುಳನ್ನೇ ಕೊಯ್ದು ತೆಗೆಯತೊಡಗಿದನು. ಮುಂದೆ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಲಿಯೋ ರೆಟ್ಗರನು, ಬಲ್ಗೇರಿಯದ ಆ ಬ್ಯಾಕ್ಟೀರಿಯಾವು ಮನುಷ್ಯನ ಕರುಳಿನಲ್ಲಿ ನೆಲೆಯೂರುವುದೇ ಇಲ್ಲವೆಂದು ತೋರಿಸಿದನು. ಮೆಚ್ನಿಕಾಫನು ಬಹುಕಾಲ ದಿನವೂ ಹುಳಿಹಾಲು ಕುಡಿದು 1916ರಲ್ಲಿ, ತನ್ನ 71ನೆಯ ವಯಸ್ಸಿನಲ್ಲಿ ತೀರಿಕೊಂಡನು. ಅದನ್ನು ಹಿಡಿದುಕೊಂಡು ನಗುವುದು ವಿಮರ್ಶೆಯಲ್ಲ. ಒಬ್ಬನ ಆಯುಸ್ಸು ಸಿದ್ಧಾಂತಕ್ಕೆ ಪರವಾಗಿಯೂ ಸಾಕ್ಷಿಯಲ್ಲ, ವಿರುದ್ಧವಾಗಿಯೂ ಅಲ್ಲ.

ಕನ್ನಡದ ಬರಹಗಳಿಗೆ ಮೆಚ್ನಿಕಾಫನ ದೋಷವು ಬಂದಿತು, ಅವನ ಸರಸತೆ ಬರಲಿಲ್ಲ. ಅದರೊಡನೆ ಬಂದುದು ಒಂದು ಸಂಖ್ಯೆ: ಮನುಷ್ಯನ ಶರೀರದಲ್ಲಿ ಅವನ ಸ್ವಂತ ಜೀವಕೋಶಗಳಿಗಿಂತ ಬ್ಯಾಕ್ಟೀರಿಯಾಗಳು ಹತ್ತು ಪಾಲು ಹೆಚ್ಚೆಂಬುದು. ಈ ಲೆಕ್ಕವು 1972ರಲ್ಲಿ ಒಬ್ಬ ವಿಜ್ಞಾನಿ ಹೇಳಿದ ಸ್ಥೂಲವಾದ ಅಂದಾಜಿಗೆ ಸೇರಿದ್ದು; ಕರುಳಿನ ಉದ್ದಕ್ಕೂ ಬ್ಯಾಕ್ಟೀರಿಯಾ ಒಂದೇ ಸಮನಾಗಿ ದಟ್ಟವಾಗಿದೆಯೆಂದು ಹಿಡಿದು ಮಾಡಿದ ಗುಣಾಕಾರ. ವಾಸ್ತವವಾಗಿ ದಟ್ಟಣೆಯಿರುವುದು ದೊಡ್ಡ ಕರುಳಿನಲ್ಲಿ ಮಾತ್ರ. 2016ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ರಾನ್ ಮಿಲೋ ಮತ್ತು ಸಂಗಡಿಗರು ಮತ್ತೆ ಎಣಿಸಿ, ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿಗೆ ಸುಮಾರು 30 ಲಕ್ಷ ಕೋಟಿ ಮಾನವ ಜೀವಕೋಶಗಳಿವೆಯೆಂದೂ, ಆ ಬ್ಯಾಕ್ಟೀರಿಯಾಗಳ ಒಟ್ಟು ತೂಕ 200 ಗ್ರಾಮಿನಷ್ಟೆಂದೂ ತಿಳಿಸಿದರು. ಹತ್ತು ಪಾಲೆಂಬ ಮಾತಿನ ಮೇಲೆ ಕಟ್ಟಿದ ವೇದಾಂತವು, ಮನುಷ್ಯನು ಮನುಷ್ಯನೇ ಅಲ್ಲ ಎಂಬಂತಹ ಚಮತ್ಕಾರವು, ಇದರಿಂದ ಬಿದ್ದುಹೋಗಬೇಕಾಗಿತ್ತು; ಬೀಳಲಿಲ್ಲ. ಕೇಳಲು ಇಂಪಾದ ಸಂಖ್ಯೆಗೆ ಸಾವಿಲ್ಲ.

ಇನ್ನೊಂದು ಬಗೆಯ ಬರಹವುಂಟು. ಅದು ಇದನ್ನೆಲ್ಲ ಪೂರ್ವಿಕರು ಬಲ್ಲವರೇ ಆಗಿದ್ದರೆಂದು ಸಾರುವುದು. ಚರಕಸಂಹಿತೆಯ ವಿಮಾನಸ್ಥಾನದ ಏಳನೆಯ ಅಧ್ಯಾಯದಲ್ಲಿ ಇಪ್ಪತ್ತು ಬಗೆಯ ಕ್ರಿಮಿಗಳನ್ನು ಎಣಿಸುವಾಗ, ಸಹಜವಾದ ಕ್ರಿಮಿಗಳನ್ನು ಬಿಟ್ಟು ಎಂದು ಒಂದು ಷರತ್ತು ಇದೆ. ಹುಟ್ಟಿನೊಡನೆ ಬಂದ ಅವು ವಿಕಾರವನ್ನುಂಟುಮಾಡುವವಲ್ಲವೆಂದು ಟೀಕಾಕಾರ ಚಕ್ರಪಾಣಿದತ್ತನು ವಿವರಿಸಿದ್ದಾನೆ. ಇದು ಮನನೀಯವಾದ ಮಾತೇ. ಆದರೆ ಕಣ್ಣಿಗೆ ಕಾಣದ ಜೀವಿಯನ್ನು ತೋರಿಸಿದುದು ಹದಿನೇಳನೆಯ ಶತಮಾನದ ಸೂಕ್ಷ್ಮದರ್ಶಕ. ಚರಕನು ಬ್ಯಾಕ್ಟೀರಿಯಾವನ್ನು ಕಂಡನೆಂದು ಹೇಳುವುದು ಚರಕನಿಗೆ ಗೌರವವಲ್ಲ. ಅವನಿಂದ ಕಲಿಯತಕ್ಕದ್ದು ಬೇರೆ: ಕ್ರಿಮಿಯೆಂದೊಡನೆ ರೋಗವೆನ್ನದೆ, ಶರೀರದೊಡನೆ ಬಾಳುವುದಕ್ಕೂ ಶರೀರವನ್ನು ಕೆಡಿಸುವುದಕ್ಕೂ ಗೆರೆ ಎಳೆದ ವಿವೇಕ. ಆ ವಿವೇಕವು ಅವನ ಹೆಸರನ್ನು ಹೇಳುವವರ ಬರಹದಲ್ಲಿಯೇ ಕಾಣೆಯಾಗಿರುವುದು ಸೋಜಿಗ.

ರಣರಂಗವು ಬೇಡವಾದರೆ ಬೇರೆ ಯಾವ ರೂಪಕವನ್ನು ಹಿಡಿಯಬೇಕು? ಅದಕ್ಕೆ ಪ್ಯಾರಿಸ್ಸಿಗೆ ಹೋಗಬೇಕಾಗಿಲ್ಲ; ಕಲಬುರಗಿಯ ಸುತ್ತಲಿನ ಎರೆಭೂಮಿಯಲ್ಲಿ ನಡೆದರೆ ಸಾಕು. ತೊಗರಿಯ ಕಣಜವೆಂದು ಹೆಸರಾದ ನೆಲವಿದು. ಇಲ್ಲಿಯ ತೊಗರಿಬೇಳೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಉಂಟು. ಎಳೆಯ ತೊಗರಿಯ ಗಿಡವನ್ನು ಮೆಲ್ಲಗೆ ಕಿತ್ತು ಬೇರನ್ನು ತೊಳೆದು ನೋಡಿದರೆ ಸಣ್ಣ ಗಂಟುಗಳು ಕಾಣುವುವು; ಉಗುರಿನಿಂದ ಸೀಳಿದರೆ ಒಳಗೆ ಕೆಂಪು. ಆ ಗಂಟಿನೊಳಗೆ ಬ್ಯಾಕ್ಟೀರಿಯಾಗಳು ನೆಲೆಸಿ, ಗಾಳಿಯಲ್ಲಿರುವ ಸಾರಜನಕವನ್ನು ಗಿಡಕ್ಕೆ ಉಣ್ಣಲು ಬರುವ ರೂಪಕ್ಕೆ ತರುವುವು. ಗಿಡವು ತಾನು ಮಾಡಿದ ಸಕ್ಕರೆಯಲ್ಲಿ ಅವುಗಳಿಗೆ ಪಾಲು ಕೊಡುವುದು. 1880ರ ದಶಕದಲ್ಲಿ ಜರ್ಮನಿಯ ಹೆಲ್‌ರೀಗೆಲನೂ ಹಾಲೆಂಡಿನ ಬೈಯರಿಂಕನೂ ಇದನ್ನು ಬಿಡಿಸಿ ಹೇಳಿದರು. ಇಲ್ಲಿ ಸೇನೆಯೂ ಇಲ್ಲ, ಕಾಳಗವೂ ಇಲ್ಲ. ನೆಲವೊಬ್ಬನದು, ದುಡಿಮೆ ಇನ್ನೊಬ್ಬನದು, ಬೆಳೆ ಇಬ್ಬರದು. ಕನ್ನಡದಲ್ಲಿ ಇದಕ್ಕೆ ಹಳೆಯದಾದ, ಎಲ್ಲರೂ ಬಲ್ಲ ಮಾತೊಂದಿದೆ: ಒಕ್ಕಲು.

ಕರುಳಿನ ಸಂಗತಿಗೂ ಈ ಮಾತು ಎಷ್ಟು ಚೆನ್ನಾಗಿ ಹೊಂದುವುದೆಂಬುದನ್ನು ಪರೀಕ್ಷಿಸಬೇಕು. ಜೋಳದ ರೊಟ್ಟಿ, ಪುಂಡಿ ಪಲ್ಯ, ಬೇಳೆ, ಶೇಂಗಾ ಹಿಂಡಿ, ಮಜ್ಜಿಗೆ, ಇದು ಈ ಸೀಮೆಯ ಊಟ. ಇದರಲ್ಲಿ ಸಕ್ಕರೆ, ಕೊಬ್ಬು, ಸಸಾರಜನಕಗಳ ಬಹುಭಾಗವು ಸಣ್ಣ ಕರುಳಿನಲ್ಲಿಯೇ ಜೀರ್ಣವಾಗಿ ರಕ್ತಕ್ಕೆ ಸೇರುವುದು. ಉಳಿಯುವುದು ನಾರು ಮತ್ತು ಜೀರ್ಣವಾಗದ ಒಂದಿಷ್ಟು ಪಿಷ್ಟ. ಮನುಷ್ಯನ ಶರೀರಕ್ಕೆ ಅದನ್ನು ಒಡೆಯುವ ಸಾಮರ್ಥ್ಯವಿಲ್ಲ. ದೊಡ್ಡ ಕರುಳಿನ ಒಕ್ಕಲಿಗೆ ದೊರೆಯುವ ಪಾಲು ಅದೇ. ಅವು ಅದನ್ನು ಹುಳಿಯಿಸಿ ಕೆಲವು ಆಮ್ಲಗಳನ್ನು ಮಾಡುವುವು. ಅವುಗಳಲ್ಲಿ ಒಂದಕ್ಕೆ ಬ್ಯೂಟಿರೇಟ್ ಎಂದು ಹೆಸರು. ಮೊದಲು ಬೆಣ್ಣೆಯಲ್ಲಿ ದೊರೆತುದರಿಂದ ಬೆಣ್ಣೆಯ ಲ್ಯಾಟಿನ್ ಹೆಸರೇ ಅದಕ್ಕೆ ಬಂದಿತು. ದೊಡ್ಡ ಕರುಳಿನ ಒಳಪದರದ ಜೀವಕೋಶಗಳು ತಮಗೆ ಬೇಕಾದ ಶಕ್ತಿಯ ಬಹುಪಾಲನ್ನು ಈ ಬ್ಯೂಟಿರೇಟಿನಿಂದ ಪಡೆಯುವುವು. ಒಕ್ಕಲು ತೆರುವ ತೆರಿಗೆಯಿದು. ಇದಲ್ಲದೆ ಕೆ ಜೀವಸತ್ವವನ್ನೂ ಮಾಡಿಕೊಡುವುವು, ಹೊರಗಿನಿಂದ ಬಂದ ರೋಗಾಣುಗಳಿಗೆ ಜಾಗವಿಲ್ಲದಂತೆ ತಾವೇ ತುಂಬಿಕೊಂಡಿರುವುವು. ನಾರಿಲ್ಲದ ಆಹಾರವನ್ನು ಕೊಟ್ಟು ಸಾಕಿದ ಇಲಿಗಳಲ್ಲಿ ಬ್ಯಾಕ್ಟೀರಿಯಾಗಳು ಕರುಳಿನ ಗೋಡೆಯನ್ನು ಕಾಯುವ ಲೋಳೆಯನ್ನೇ ತಿನ್ನತೊಡಗಿದವೆಂದು 2016ರಲ್ಲಿ ಪ್ರಕಟವಾದ ಒಂದು ಶೋಧನೆಯು ತಿಳಿಸಿತು. ಪಾಲು ಸಿಕ್ಕದ ಒಕ್ಕಲು ಮನೆಯ ತೊಲೆಯನ್ನೇ ಕಿತ್ತು ಒಲೆಗಿಟ್ಟಂತೆ. ಇಲ್ಲಿ ಒಳ್ಳೆಯ ಕ್ರಿಮಿ, ಕೆಟ್ಟ ಕ್ರಿಮಿ ಎಂಬ ಭೇದವೆಲ್ಲಿ ಉಳಿಯಿತು? ಅದೇ ಒಕ್ಕಲು, ಬದಲಾದುದು ಅನ್ನ.

ಇದರಿಂದ ಮೊಸರಿನ ಪ್ರಶ್ನೆಗೂ ಉತ್ತರ ಸಿಕ್ಕುವುದು. 1025ರ ಸುಮಾರಿನಲ್ಲಿ, ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಎರಡನೆಯ ಚಾವುಂಡರಾಯನು ಬರೆದ ಲೋಕೋಪಕಾರದ ಅಡುಗೆಯ ಪ್ರಕರಣದಲ್ಲಿ ಉದ್ದಿನಬೇಳೆಯನ್ನು ಮಜ್ಜಿಗೆಯಲ್ಲಿ ನೆನೆಹಾಕಿ ಮಾಡುವ ತಿನಿಸಿನ ಮಾತು ಬರುತ್ತದೆ. ಹುಳಿಯಿಸಿ ಉಣ್ಣುವ ವಿದ್ಯೆ ಈ ನಾಡಿಗೆ ಹೊಸದಲ್ಲ. ಆದರೆ ಹೆಪ್ಪಿನ ಬ್ಯಾಕ್ಟೀರಿಯಾ ಕರುಳಿನ ಒಕ್ಕಲಲ್ಲ. ಶರಣಬಸವೇಶ್ವರರ ಜಾತ್ರೆಗೆ ಬಂದವರು ನಾಲ್ಕು ದಿನವಿದ್ದು, ಊರಿಗೆ ಕಳೆಯನ್ನು ಕೊಟ್ಟು ಹೊರಟುಹೋಗುವಂತೆ, ಅದೂ ಕೆಲಸವಿದ್ದಷ್ಟು ಮಾಡಿ ಮುಂದೆ ಸಾಗುವುದು. ಜಾತ್ರೆಯವರಿಂದ ಕಲಬುರಗಿಯ ಜನಸಂಖ್ಯೆ ಹೆಚ್ಚಿತೆಂದು ಯಾರೂ ಹೇಳರು. ಮೊಸರನ್ನು ಉಣ್ಣಲಿಕ್ಕೆ ಬೇರೆ ಕಾರಣಗಳು ಸಾಕಷ್ಟಿವೆ. ಮೆಚ್ನಿಕಾಫನು ಹೇಳಿದ ಕಾರಣವು ಅವುಗಳಲ್ಲಿ ಇಲ್ಲ.

ಎಳ್ಳ ಅಮಾವಾಸ್ಯೆಯ ದಿನ ಈ ಸೀಮೆಯವರು ಹೊಲಕ್ಕೆ ಹೋಗಿ ಚರಗವನ್ನು ಚೆಲ್ಲಿ, ಹಲವು ಬಗೆಯ ಕಾಯಿಪಲ್ಯ, ಸೊಪ್ಪು, ಹಸಿಕಾಳುಗಳನ್ನು ಕೂಡಿಸಿ ಬೇಯಿಸಿದ ಭಜ್ಜಿಯನ್ನೂ, ಜೋಳದ ಹುಳಿ ಅಂಬಲಿಯನ್ನೂ ಉಣ್ಣುವರು. ಭೂಮಿಯ ಒಕ್ಕಲಿಗೂ ಕರುಳಿನ ಒಕ್ಕಲಿಗೂ ಒಂದೇ ದಿನ ಎಡೆಯಾಗುವ ಈ ಊಟದ ಮೇಲೆ ಕನ್ನಡದಲ್ಲಿ ಒಂದು ಒಳ್ಳೆಯ ಪ್ರಬಂಧವು ಬರಬೇಕಾಗಿದೆ. ಕರುಳಿಗೂ ಮನಸ್ಸಿಗೂ ನಂಟಿದೆಯೆಂಬ ಇತ್ತೀಚಿನ ಶೋಧನೆಗಳನ್ನು ಹಿಡಿದು, ಹೆತ್ತ ಕರುಳೆಂಬ ಮಾತಿಗೂ ಬ್ಯಾಕ್ಟೀರಿಯಾಕ್ಕೂ ಗಂಟುಹಾಕುವ ಪ್ರಬಂಧಗಳು ಮಾತ್ರ ಆಗಲೇ ಬಂದಿವೆ. ಆ ಶೋಧನೆಗಳಲ್ಲಿ ಹೆಚ್ಚಿನವು ಇಲಿಗಳ ಮೇಲೆ ನಡೆದವೆಂಬುದನ್ನು ಅವು ಹೇಳುವುದಿಲ್ಲ.

ಕಲಬುರಗಿಯಿಂದ ಹುಮನಾಬಾದಿನ ದಾರಿಯಲ್ಲಿ ಕಮಲಾಪುರ. ಇಲ್ಲಿಯ ಕಣಿವೆಯ ತೋಟಗಳ ಕೆಂಪು ಬಾಳೆಗೂ ಭೌಗೋಳಿಕ ಗುರುತು ದೊರೆತಿದೆ. ಬೆಳೆಸುವ ಖರ್ಚು ಹೆಚ್ಚಾದುದರಿಂದ ಅದಕ್ಕೆ ಶ್ರೀಮಂತರ ಹಣ್ಣೆಂಬ ಹೆಸರು. ಕಮಲಾಪುರದ ಹೆಸರು ಈ ವಿಚಾರದಲ್ಲಿ ಬರುವುದಕ್ಕೆ ಕಾರಣ ಬಂಗ್ಲಾದೇಶದ ಢಾಕಾ ನಗರ. ಅಲ್ಲಿಯ ಅತಿಸಾರ ಸಂಶೋಧನ ಕೇಂದ್ರದ ತಾಹ್ಮೀದ್ ಅಹ್ಮದ್ ಅವರೂ ಅಮೆರಿಕದ ಜೆಫ್ರಿ ಗಾರ್ಡನ್ ಅವರೂ ಕೂಡಿ, ಪೌಷ್ಟಿಕತೆ ಸಾಲದ ಮಕ್ಕಳ ಕರುಳಿನ ಬ್ಯಾಕ್ಟೀರಿಯಾಗಳು ವಯಸ್ಸಿಗೆ ತಕ್ಕಂತೆ ಬೆಳೆದಿರುವುದಿಲ್ಲವೆಂದು 2014ರಲ್ಲಿ ತೋರಿಸಿದರು. ಎಷ್ಟು ಉಣಿಸಿದರೂ ಮಗು ಏಕೆ ಹಿಂದೆ ಬೀಳುವುದೆಂಬ ಪ್ರಶ್ನೆಗೆ ಇದೊಂದು ಉತ್ತರ. ಮುಂದೆ ಅವರು ಕಡಲೆ, ಶೇಂಗಾ, ಸೋಯಾ ಹಿಟ್ಟುಗಳನ್ನೂ ಬಾಳೆಕಾಯಿಯನ್ನೂ ಸೇರಿಸಿ ಒಂದು ಆಹಾರವನ್ನು ಮಾಡಿ, 12ರಿಂದ 18 ತಿಂಗಳ ಮಕ್ಕಳಿಗೆ ಮೂರು ತಿಂಗಳು ಕೊಟ್ಟರು. ಹೆಚ್ಚು ಶಕ್ತಿಯುಳ್ಳ ರೂಢಿಯ ಪೂರಕಾಹಾರವನ್ನು ತಿಂದ ಮಕ್ಕಳಿಗಿಂತ ಇವರು ಚೆನ್ನಾಗಿ ಬೆಳೆದರೆಂದು 2021ರಲ್ಲಿ ವರದಿಯಾಯಿತು. ಶೇಂಗಾ, ಕಡಲೆ, ಬಾಳೆ, ಇವುಗಳಲ್ಲಿ ಕಲಬುರಗಿಗೆ ಅಪರಿಚಿತವಾದುದು ಯಾವುದು? ಆದರೂ ಕಮಲಾಪುರದ ಬಾಳೆಯೇ ದಿವ್ಯೌಷಧವೆಂದು ಬರೆಯಲು ಲೇಖನಿಯನ್ನೆತ್ತುವವರು ಎರಡು ಸಂಗತಿಗಳನ್ನು ಗಮನಿಸತಕ್ಕದ್ದು. ಢಾಕಾದಲ್ಲಿ ಬಳಸಿದುದು ಕಾಯಿ, ಹಣ್ಣಲ್ಲ. ಕಾಯಿಯಲ್ಲಿರುವ ಪಿಷ್ಟವು ಹಣ್ಣಾದಂತೆ ಸಕ್ಕರೆಯಾಗಿಬಿಡುವುದು. ಅಲ್ಲದೆ ಕೆಲಸ ಮಾಡಿದುದು ಆ ಕೂಟ, ಬಿಡಿಯಾದ ಬಾಳೆಯಲ್ಲ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮಕ್ಕಳಿಗೆ ಮೊಟ್ಟೆಯನ್ನೂ, ಅದನ್ನು ತಿನ್ನದವರಿಗೆ ಬಾಳೆಹಣ್ಣನ್ನೂ ಕೊಡತೊಡಗಿದಾಗ ಎದ್ದ ವಾಗ್ವಾದದಲ್ಲಿ ಧರ್ಮಾಧರ್ಮದ ಮಾತು ಬಹಳವಾಯಿತು. ಹಣ್ಣು ಮೊಟ್ಟೆಗೆ ಸಮನೇ, ಕಾಯಿಗೂ ಹಣ್ಣಿಗೂ ಅಂತರವೇನು ಎಂಬ ಮಾತಿಗೆ ಎಡೆಯೇ ದೊರೆಯಲಿಲ್ಲ.

ಹೊರಗಿನಿಂದ ಬ್ಯಾಕ್ಟೀರಿಯಾವನ್ನು ಕೊಡುವುದೆಲ್ಲ ವ್ಯರ್ಥವೆಂದೂ ತಿಳಿಯಬಾರದು. ಒಡಿಶಾದ ಹಳ್ಳಿಗಳಲ್ಲಿ 4,500ಕ್ಕೂ ಹೆಚ್ಚು ನವಜಾತ ಶಿಶುಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಒಂದು ಬಗೆಯ ಲ್ಯಾಕ್ಟೊಬ್ಯಾಸಿಲಸ್ಸನ್ನು ಅದರ ಆಹಾರವಾದ ಸಕ್ಕರೆಯೊಡನೆ ಕೆಲವು ದಿನ ಕೊಟ್ಟುದರಿಂದ, ರಕ್ತದ ನಂಜೋ ಮರಣವೋ ಸಂಭವಿಸುವುದು ನೂರಕ್ಕೆ 9ರಿಂದ 5.4ಕ್ಕೆ ಇಳಿಯಿತು. ಹೊಸ ಕರುಳು ಖಾಲಿ ನೆಲ. ಅಲ್ಲಿ ಬಿತ್ತಿದ್ದು ಹತ್ತುವುದು. ಬೆಳೆ ನಿಂತ ಹೊಲದಲ್ಲಿ ಬೀಜ ಚೆಲ್ಲಿದರೆ ಏನಾಗುವುದೆಂದು ರೈತನನ್ನು ಕೇಳಬೇಕು.

ರಣರಂಗದ ರೂಪಕದಿಂದ ಆದ ನಷ್ಟವು ಎಲ್ಲಿ ಕಾಣುವುದೆಂದರೆ, ಔಷಧದ ಅಂಗಡಿಯ ಕಟ್ಟೆಯ ಮೇಲೆ. ಮಗುವಿಗೆ ಭೇದಿ ಹತ್ತಿದೊಡನೆ ಕ್ರಿಮಿಯನ್ನು ಕೊಲ್ಲುವ ಮಾತ್ರೆ ಕೊಡಿರೆಂದು ಕೇಳುವ ತಂದೆಯು ತಾನು ಓದಿದ್ದನ್ನೇ ಆಚರಿಸುತ್ತಿರುವನು. ಎಳೆಯ ಮಕ್ಕಳ ಭೇದಿಗೆ ಬಹುಮಟ್ಟಿಗೆ ಕಾರಣ ವೈರಸ್. ಆಂಟಿಬಯಾಟಿಕ್ ಅದನ್ನು ಮುಟ್ಟದು. ಅದು ಮುಟ್ಟುವುದು ಒಕ್ಕಲನ್ನು. ಒಕ್ಕಲೆಬ್ಬಿಸುವುದೆಂದು ಕನ್ನಡದಲ್ಲಿ ಇದಕ್ಕೆ ಸಿದ್ಧವಾದ ಮಾತೇ ಇದೆ. ಹತ್ತು ಪುಟ ವಿವರಿಸುವುದನ್ನು ಅದೊಂದೇ ಮಾತು ತಿಳಿಸಬಲ್ಲದು. ಒಕ್ಕಲೆದ್ದ ನೆಲದಲ್ಲಿ ಯಾರು ಬಂದು ಕೂರುವರೆಂಬುದಕ್ಕೆ ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾವು ಉದಾಹರಣೆ. ಆಂಟಿಬಯಾಟಿಕ್ಕುಗಳ ಅನಂತರ ಅದು ತಲೆಯೆತ್ತಿ ಕಠಿನವಾದ ಅತಿಸಾರವನ್ನು ತರುವುದು. ಅದಕ್ಕೆ ಹಾಲೆಂಡಿನ ವೈದ್ಯರು ಆರೋಗ್ಯವಂತರ ಮಲವನ್ನು ಶೋಧಿಸಿ ರೋಗಿಯ ಕರುಳಿಗೆ ಸೇರಿಸಿ, 16 ಜನರಲ್ಲಿ 15 ಜನರನ್ನು ಗುಣಪಡಿಸಿದುದನ್ನು 2013ರಲ್ಲಿ ಪ್ರಕಟಿಸಿದರು. ಶಿಷ್ಟರ ಕನ್ನಡವು ಮೂಗು ಮುಚ್ಚಿಕೊಳ್ಳುವ ಸಂಗತಿಯೇ ಸರಿ. ಆದರೆ ಒಕ್ಕಲೆಬ್ಬಿಸಿದಲ್ಲಿ ಮತ್ತೆ ಒಕ್ಕಲನ್ನು ನಿಲ್ಲಿಸಿದರೆಂದು ಬರೆದರೆ ಯಾವ ಮೂಗಿಗೂ ತೊಂದರೆಯಿಲ್ಲ. ಭೇದಿಯ ಮಗುವಿಗೆ ಮೊದಲು ಬೇಕಾದುದು ನೀರು, ಉಪ್ಪು, ಸಕ್ಕರೆಗಳ ಹದವಾದ ದ್ರಾವಣ, ಅದರೊಡನೆ ಸತುವಿನ ಮಾತ್ರೆ; ಮಲದಲ್ಲಿ ರಕ್ತ ಕಂಡರೆ, ಮಗು ಮಂಕಾದರೆ, ಕುಡಿದುದು ನಿಲ್ಲದಿದ್ದರೆ ಆಸ್ಪತ್ರೆ. 1971ರಲ್ಲಿ ಬನಗಾಂವಿನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿದಾಗ ವೈದ್ಯ ದಿಲೀಪ್ ಮಹಲನಾಬಿಸರು ಈ ದ್ರಾವಣದಿಂದಲೇ ಸಾವನ್ನು ನೂರಕ್ಕೆ ಮೂವತ್ತರ ಹತ್ತಿರದಿಂದ ನಾಲ್ಕರ ಒಳಗೆ ಇಳಿಸಿದರು. ಆ ಕಥೆಯಲ್ಲಿ ಯಾವ ಕ್ರಿಮಿಯನ್ನೂ ಕೊಲ್ಲುವ ದೃಶ್ಯವಿಲ್ಲ. ಪತ್ರಿಕೆಗಳಲ್ಲಿ ಅದು ಅಪರೂಪವಾಗಿರುವುದು ಆ ಕಾರಣದಿಂದಲೇ ಇದ್ದೀತು.

ಒಕ್ಕಲೆಂಬ ರೂಪಕಕ್ಕೂ ಮಿತಿಯುಂಟು. ಒಕ್ಕಲಿಗನಿಗೆ ಮನಸ್ಸಿದೆ, ಋಣದ ಅರಿವಿದೆ. ಬ್ಯಾಕ್ಟೀರಿಯಾಕ್ಕೆ ಎರಡೂ ಇಲ್ಲ. ಕರುಳಿನೊಳಗೆ ಉಪಕಾರಿಯಾಗಿದ್ದುದೇ ಗೋಡೆ ತೂತಾಗಿ ಹೊಟ್ಟೆಯ ಪೊಳ್ಳಿಗೆ ಬಿದ್ದರೆ ಪ್ರಾಣಕ್ಕೆ ಎರವಾಗುವುದು. ಕಾಲರಾ, ವಿಷಮಶೀತಜ್ವರಗಳ ರೋಗಾಣುಗಳನ್ನು ಒಕ್ಕಲೆಂದು ಕರೆಯುವುದು ಹುಚ್ಚು. ಅಲ್ಲಿ ಶತ್ರುವೆಂಬ ಮಾತೇ ಸರಿ, ವೈದ್ಯನು ಬರೆದುಕೊಟ್ಟ ಆಂಟಿಬಯಾಟಿಕ್ಕನ್ನು ಪೂರ್ತಿಯಾಗಿ ತೆಗೆದುಕೊಳ್ಳುವುದೇ ಸರಿ. ಎಲ್ಲಿ ಯಾವ ಮಾತೆಂಬ ವಿವೇಚನೆಯನ್ನು ಮಳಖೇಡದ ಗ್ರಂಥಕಾರನು ಔಚಿತ್ಯದ ಲೆಕ್ಕಕ್ಕೆ ಸೇರಿಸುತ್ತಿದ್ದನು.

ಮೆಚ್ನಿಕಾಫನ ಪುಸ್ತಕವು ಕನ್ನಡಕ್ಕೆ ಬರುವುದಾದರೆ ಬರಲಿ. ಫೌಸ್ಟನ ಭಾಗಕ್ಕಾಗಿಯಾದರೂ ಬರಬೇಕು. ಅನುವಾದಕನಿಗೆ ಕೋರತಕ್ಕದ್ದು ಇಷ್ಟೆ: ದೊಡ್ಡ ಕರುಳಿನ ಅಧ್ಯಾಯವನ್ನು ಕನ್ನಡಿಸುವ ಮುನ್ನ ತೊಗರಿಯ ಗಿಡವೊಂದನ್ನು ಬೇರುಸಹಿತ ಕಿತ್ತು, ಮೇಜಿನ ಮೇಲೆ ಇಟ್ಟುಕೊಂಡು ಕುಳಿತುಕೊಳ್ಳಲಿ.